ಚೆಂಡು ಸ್ಟಿಕ್ಕಿಗೆ ತಾಗಿತೇ? ಕಾಲೇಜು ಕ್ರೀಡೆಯ ನಿಯಮ, ನಡತೆ ಮತ್ತು ಒಂದು ಸಹಿ

ಕಾಲೇಜಿಗೆ ಸೇರಿದ ಮಗ ಅಥವಾ ಮಗಳು ಅಂತರ ಕಾಲೇಜು ಪಂದ್ಯಾವಳಿಗೆ ಆಯ್ಕೆಯಾದ ದಿನ ಮನೆಗೆ ಸಂತೋಷದ ಸುದ್ದಿಯ ಜೊತೆಗೆ ಒಂದು ಅರ್ಜಿ ನಮೂನೆಯೂ ಬರುತ್ತದೆ. ಹುಟ್ಟಿದ ದಿನಾಂಕ, ಓದುತ್ತಿರುವ ತರಗತಿ, ಹಿಂದೆ ಆಡಿದ ತಂಡ, ಪ್ರಾಂಶುಪಾಲರ ಮೊಹರು, ಕೆಳಗೆ ಆಟಗಾರರ ಸಹಿ. ಮೇಲೆ ಹೇಳಿದ್ದೆಲ್ಲ ಸತ್ಯ, ಕ್ರೀಡಾ ನಿಯಮಗಳಿಗೆ ಬದ್ಧಳಾಗಿರುತ್ತೇನೆ ಎಂಬ ಅರ್ಥದ ಒಂದೆರಡು ಸಾಲು ಸಣ್ಣ ಅಕ್ಷರದಲ್ಲಿ ಇರುತ್ತದೆ. ಹೆಚ್ಚಿನವರು ಅದನ್ನು ಓದದೆಯೇ ಸಹಿ ಹಾಕುತ್ತಾರೆ. ಆಟವೆಂದರೆ ಊಟದಷ್ಟೇ ಸಹಜವಾಗಿರುವ ಕೊಡಗಿನಂಥ ಜಿಲ್ಲೆಯಲ್ಲಿ ಇದಕ್ಕೆಲ್ಲ ಕಾಗದ ಏಕೆ ಎಂದು ಕೇಳುವ ಹಿರಿಯರೂ ಇದ್ದಾರೆ.

ಆದರೆ ಆ ಎರಡು ಸಾಲಿನೊಳಗೆ ಬಹಳ ಸಂಗತಿಗಳು ಅಡಗಿವೆ. ಹಿಂದೆ ಮಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಜಿಲ್ಲೆಗೆ 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಬಂದ ಮೇಲೆ, ಇಲ್ಲಿನ ಮಕ್ಕಳು ಕಾಲೇಜು ತಂಡದಿಂದ ನೇರವಾಗಿ ವಿಶ್ವವಿದ್ಯಾಲಯ ತಂಡಕ್ಕೆ ಹೋಗುವ ಅವಕಾಶ ಹತ್ತಿರವಾಗಿದೆ. ಅಲ್ಲಿಂದ ಮುಂದಿನ ಮೆಟ್ಟಿಲು ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಕೂಟ, ಆಮೇಲೆ ಅಖಿಲ ಭಾರತ ಮಟ್ಟ, ಬಳಿಕ 2020ರಲ್ಲಿ ಭುವನೇಶ್ವರದಲ್ಲಿ ಶುರುವಾದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ. ಒಂದೊಂದು ಮೆಟ್ಟಿಲು ಏರಿದಂತೆ ಕ್ರೀಡಾ ಮನೋಭಾವ ಎಂಬ ಮಾತು ಭಾಷಣದ ಅಲಂಕಾರವಾಗಿ ಉಳಿಯದೆ, ಪರೀಕ್ಷೆ, ವಿಚಾರಣೆ, ನಿಷೇಧಗಳ ರೂಪ ತಾಳುತ್ತದೆ.

ಎರಡು ಪದರಗಳು

ಕ್ರೀಡೆಯ ನಡತೆಯನ್ನು ಎರಡು ಪದರಗಳಾಗಿ ನೋಡಿದರೆ ವಿಷಯ ತಿಳಿಯಾಗುತ್ತದೆ. ಮೇಲಿನ ಪದರ ನಿಯಮ. ಅದನ್ನು ಯಾರೋ ಬರೆದಿರುತ್ತಾರೆ, ಮುರಿದರೆ ಇಂತಿಷ್ಟು ದಂಡ ಎಂದು ಗೊತ್ತಿರುತ್ತದೆ, ಜಾರಿ ಮಾಡಲು ಅಂಪೈರ್ ಇರುತ್ತಾರೆ. ಹಾಕಿಯಲ್ಲಿ ಹಸಿರು ಕಾರ್ಡ್ ಕಂಡವರು ಎರಡು ನಿಮಿಷ ಹೊರಗೆ ಕೂರಬೇಕು, ಹಳದಿ ಕಾರ್ಡಿಗೆ ಕನಿಷ್ಠ ಐದು ನಿಮಿಷ, ಕೆಂಪು ಕಾರ್ಡ್ ಬಿದ್ದರೆ ಆ ಪಂದ್ಯಕ್ಕೆ ಮತ್ತೆ ಪ್ರವೇಶವಿಲ್ಲ. ಅವರು ಹೊರಗಿರುವಷ್ಟು ಹೊತ್ತು ತಂಡ ಒಬ್ಬರು ಕಡಿಮೆಯಾಗಿಯೇ ಆಡಬೇಕು. ಒಬ್ಬರ ಸಿಟ್ಟಿನ ಬೆಲೆಯನ್ನು ಉಳಿದ ಹತ್ತು ಜನ ತೆರುವಂತೆ ಮಾಡಿರುವುದು ಈ ನಿಯಮದ ಜಾಣ್ಮೆ.

ಕೆಳಗಿನ ಪದರ ಅಂಪೈರ್ ಕಣ್ಣಿಗೆ ಬೀಳದ್ದು. ಹಾಕಿಯದೇ ಉದಾಹರಣೆ ನೋಡೋಣ. ಎದುರಾಳಿಯ ‘ಡಿ’, ಅಂದರೆ ಗೋಲಿನ ಮುಂದಿನ ಅರ್ಧವೃತ್ತದ ಒಳಗೆ ದಾಳಿ ಮಾಡುವ ತಂಡದ ಯಾರಾದರೂ ಚೆಂಡನ್ನು ಮುಟ್ಟಿದ್ದರೆ ಮಾತ್ರ ಗೋಲು ಸಿಂಧು. ಹೊರಗಿನಿಂದ ಬಲವಾಗಿ ಹೊಡೆದ ಚೆಂಡು ಐದಾರು ಜನರ ಕಾಲು, ಸ್ಟಿಕ್ಕುಗಳ ನಡುವೆ ನುಸುಳಿ ಬಲೆಗೆ ಬೀಳುತ್ತದೆ. ನಡುವೆ ನಿಂತ ಫಾರ್ವರ್ಡ್ ಕೈ ಮೇಲೆತ್ತಿ ತನಗೆ ತಾಗಿತು ಎಂದು ಸಂಭ್ರಮಿಸುತ್ತಾಳೆ. ನಿಜವಾಗಿ ತಾಗಿತ್ತೇ? ಆ ಸಣ್ಣ ಸದ್ದು ಕೇಳಿಸಿದ್ದು, ಅಂಗೈಯಲ್ಲಿ ಆ ಕಂಪನ ಗೊತ್ತಾದದ್ದು ಅವಳೊಬ್ಬಳಿಗೇ. ಅಂತರರಾಷ್ಟ್ರೀಯ ಪಂದ್ಯವಾದರೆ ವಿಡಿಯೊ ಅಂಪೈರ್ ನಿಧಾನವಾಗಿ ತಿರುಗಿಸಿ ನೋಡುತ್ತಾರೆ. ಕಾಲೇಜು ಮೈದಾನದಲ್ಲಿ ಇರುವುದು ಇಬ್ಬರು ಅಂಪೈರ್‌ಗಳು, ಒಬ್ಬೊಬ್ಬರಿಗೆ ಅರ್ಧರ್ಧ ಅಂಗಳ. ಅವಳನ್ನು ಕೇಳುವುದಲ್ಲದೆ ಬೇರೆ ದಾರಿಯಿಲ್ಲ, ಹಲವು ಸಲ ಕೇಳುವವರೂ ಇರುವುದಿಲ್ಲ.

ಕ್ರೀಡಾ ಮನೋಭಾವ ಎಂಬ ಮಾತು ಈ ಕೆಳಗಿನ ಪದರಕ್ಕೆ ಸೇರಿದ್ದು. ಕ್ರೀಡಾ ನೈತಿಕತೆ ಎಂದಾಗ ಎರಡೂ ಪದರಗಳು ಸೇರುತ್ತವೆ. ಸೋತಾಗ ನಗುನಗುತ್ತ ಕೈ ಕುಲುಕುವುದನ್ನಷ್ಟೇ ಕ್ರೀಡಾ ಮನೋಭಾವ ಎಂದುಕೊಳ್ಳುವುದು ರೂಢಿ. ಅದು ಇರಬೇಕಾದದ್ದೇ, ಆದರೆ ಸುಲಭದ ಭಾಗ.

ಕನ್ನಡಿಗರಿಗೆ ಇದರ ಕಷ್ಟದ ಭಾಗ ಅಪರಿಚಿತವೇನಲ್ಲ. 1980ರ ಫೆಬ್ರುವರಿಯಲ್ಲಿ ಬಾಂಬೆಯಲ್ಲಿ ನಡೆದ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ ಇಂಗ್ಲೆಂಡ್ 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡು ಒದ್ದಾಡುತ್ತಿತ್ತು. ಬಾಬ್ ಟೇಲರ್ ಕ್ಯಾಚ್ ಔಟ್ ಎಂದು ಅಂಪೈರ್ ಬೆರಳೆತ್ತಿದರು. ಸ್ಲಿಪ್‌ನಲ್ಲಿದ್ದ ನಾಯಕ ಗುಂಡಪ್ಪ ವಿಶ್ವನಾಥ್ ಅವರಿಗೆ ಬ್ಯಾಟು ತಾಗಿಲ್ಲ ಎಂಬುದು ಖಚಿತವಾಗಿತ್ತು. ಅವರು ಮನವಿಯನ್ನು ಹಿಂತೆಗೆದುಕೊಂಡು ಟೇಲರ್ ಅವರನ್ನು ಮರಳಿ ಕರೆದರು. ಟೇಲರ್ ಮತ್ತು ಬಾಥಮ್ ಅವರ ದೊಡ್ಡ ಜೊತೆಯಾಟ ಪಂದ್ಯದ ದಿಕ್ಕನ್ನೇ ಬದಲಿಸಿತು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ವಿಶ್ವನಾಥ್ ಯಾವ ನಿಯಮವನ್ನೂ ಮೀರಲಿಲ್ಲ ಎಂಬುದನ್ನು ಗಮನಿಸಬೇಕು. ಅಂಪೈರ್ ಒಪ್ಪಿದರೆ ಮನವಿ ಹಿಂತೆಗೆದುಕೊಳ್ಳಲು ಕ್ರಿಕೆಟ್ ನಿಯಮದಲ್ಲೇ ಅವಕಾಶವಿದೆ. ಆ ಅವಕಾಶವನ್ನು ಬಳಸಲೇಬೇಕು ಎಂದು ಮಾತ್ರ ಎಲ್ಲೂ ಬರೆದಿಲ್ಲ.

ಕೊಡಗಿನ ಮಂದ್‌ಗಳಲ್ಲಿ, ಅಂದರೆ ಊರ ಬಯಲುಗಳಲ್ಲಿ, ಸುಗ್ಗಿಹಬ್ಬ ಪುತ್ತರಿಯ ವೇಳೆ ನಡೆಯುವ ಪರಿಯ ಕಳಿ ಎಂಬ ಬೆತ್ತದ ಕಾಳಗದಲ್ಲೂ ಈ ಎರಡು ಪದರಗಳು ಕಾಣುತ್ತವೆ. ಕೈಯಲ್ಲಿ ಬೆತ್ತವಿದೆ, ಎದುರಿಗೆ ಮನುಷ್ಯ ಇದ್ದಾನೆ, ಆದರೆ ಏಟು ಮೊಣಕಾಲಿನ ಕೆಳಗೇ ಬೀಳಬೇಕು. ಏಟಿನ ಜಾಗ ನಿಯಮಕ್ಕೆ ಸೇರಿದ್ದು. ಏಟಿನ ಜೋರು ಎಷ್ಟಿರಬೇಕು ಎಂಬುದು ಹೊಡೆಯುವವನ ವಿವೇಕಕ್ಕೆ ಬಿಟ್ಟದ್ದು.

ಕಾಲೇಜು ಮಟ್ಟದಲ್ಲೇ ಒತ್ತಡ ಏಕೆ?

1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ 60 ಕುಟುಂಬಗಳ ತಂಡಗಳೊಂದಿಗೆ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ, 2024ರ ಕುಂಡ್ಯೋಳಂಡ ಕಪ್ ಹೊತ್ತಿಗೆ ನಾಪೋಕ್ಲುವಿನಲ್ಲಿ 360 ಕುಟುಂಬಗಳಿಗೆ ಬೆಳೆದು ಗಿನ್ನೆಸ್ ದಾಖಲೆಗೆ ಸೇರಿತು. ಅಲ್ಲಿ ಎದುರು ತಂಡದಲ್ಲಿರುವುದು ಸೋದರಮಾವನೋ, ಹೆಂಡತಿಯ ಅಣ್ಣನೋ ಆಗಿರುವ ಸಂಭವವೇ ಹೆಚ್ಚು. ಮೈದಾನದಲ್ಲಿ ಮೋಸ ಮಾಡಿದವನು ಮುಂದಿನ ಮದುವೆಯ ಊಟದಲ್ಲಿ ಅದೇ ಜನರ ಪಂಕ್ತಿಯಲ್ಲಿ ಕೂರಬೇಕು. ಇಂಥ ಕಡೆ ನಡತೆಯನ್ನು ಕಾಯುವುದು ನಂಟಸ್ತಿಕೆ.

ಕಾಲೇಜು ಕ್ರೀಡೆಯಲ್ಲಿ ಈ ಕಾವಲು ಇರುವುದಿಲ್ಲ. ಎದುರಾಳಿ ಯಾವುದೋ ಊರಿನವರು, ಮತ್ತೆ ಭೇಟಿಯಾಗುವ ಖಾತ್ರಿಯಿಲ್ಲ. ಅದರ ಜೊತೆಗೆ ಫಲಿತಾಂಶಕ್ಕೆ ಪದಕಕ್ಕಿಂತ ಹೆಚ್ಚಿನ ಬೆಲೆ ಅಂಟಿಕೊಂಡಿದೆ. ಕ್ರೀಡಾ ಪ್ರಮಾಣಪತ್ರದಿಂದ ವೃತ್ತಿಪರ ಕೋರ್ಸಿನ ಕ್ರೀಡಾ ಕೋಟಾದಲ್ಲಿ ಸೀಟು ಕೇಳಬಹುದು. ರೈಲ್ವೆ, ಪೊಲೀಸ್, ಸೇನೆಯ ನೇಮಕಾತಿಯಲ್ಲಿ ಅದಕ್ಕೆ ತೂಕವಿದೆ. ಹಾಜರಾತಿಯಲ್ಲಿ ರಿಯಾಯಿತಿ ಸಿಗುತ್ತದೆ, ಕಾಲೇಜಿನ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಈ ವಯಸ್ಸಿನ ಆಟಗಾರರಿಗೆ ಆಟದ ಬದುಕು ಇನ್ನು ಮೂರು ವರ್ಷವೋ, ಹದಿನೈದು ವರ್ಷವೋ ಎಂಬುದು ಇನ್ನೂ ಗೊತ್ತಿರುವುದಿಲ್ಲ. ಅಡ್ಡದಾರಿಯ ಆಕರ್ಷಣೆ ಹುಟ್ಟುವುದು ಕೆಟ್ಟ ಗುಣದಿಂದ ಎನ್ನುವುದಕ್ಕಿಂತ ಈ ಲೆಕ್ಕಾಚಾರದಿಂದ ಎನ್ನುವುದು ಹೆಚ್ಚು ಸರಿ.

ಯಾರು ವಿದ್ಯಾರ್ಥಿ?

ಅರ್ಜಿ ನಮೂನೆಯ ಬಹುಪಾಲು ಪ್ರಶ್ನೆಗಳು ಅರ್ಹತೆಗೆ ಸಂಬಂಧಿಸಿದವು. ಅಂತರ ವಿಶ್ವವಿದ್ಯಾಲಯ ಕೂಟಗಳನ್ನು ನಡೆಸುವುದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ. ಪೂರ್ಣಾವಧಿ ಕೋರ್ಸಿಗೆ ದಾಖಲಾಗಿ ನಿಜವಾಗಿ ಓದುತ್ತಿರುವವರು, ನಿಗದಿತ ವಯೋಮಿತಿಯ ಒಳಗಿರುವವರು ಮಾತ್ರ ಆಡಬೇಕು ಎಂಬುದು ಅದರ ಅರ್ಹತಾ ನಿಯಮಗಳ ತಿರುಳು. ಏಕೆಂದರೆ ಇದು ವಿದ್ಯಾರ್ಥಿಗಳ ನಡುವಿನ ಸ್ಪರ್ಧೆ. ಕೆಲಸದಲ್ಲಿದ್ದು ದಿನವಿಡೀ ಅಭ್ಯಾಸ ಮಾಡುವ ಅನುಭವಿ ಆಟಗಾರನನ್ನು ಹೆಸರಿಗಷ್ಟೇ ಕಾಲೇಜಿಗೆ ಸೇರಿಸಿ ಕಣಕ್ಕಿಳಿಸಿದರೆ, ಬೆಳಿಗ್ಗೆ ತರಗತಿ ಮುಗಿಸಿ ಸಂಜೆ ಆಡಲು ಬರುವ ಹುಡುಗನಿಗೆ ಅನ್ಯಾಯವಾಗುತ್ತದೆ. ತಂಡದಲ್ಲಿ ಹದಿನೆಂಟು ಜಾಗವಿದ್ದರೆ, ಒಬ್ಬ ‘ಹೊರಗಿನವ’ ಬಂದಾಗ ಮನೆಗೆ ಹೋಗುವ ಹತ್ತೊಂಬತ್ತನೆಯವ ಸ್ವಂತ ಕಾಲೇಜಿನವನೇ ಆಗಿರುತ್ತಾನೆ. ಈ ನಷ್ಟ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ.

ವಯಸ್ಸಿನ ವಿಷಯದಲ್ಲಿ ಒಂದು ತಾಂತ್ರಿಕ ಸಂಗತಿಯಿದೆ. ಕಿರಿಯರ ಕೂಟಗಳಲ್ಲಿ ಅನುಮಾನ ಬಂದರೆ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ಬೆಳವಣಿಗೆಯಿಂದ ವಯಸ್ಸನ್ನು ಅಂದಾಜು ಮಾಡುತ್ತಾರೆ. ಮೂಳೆಯ ತುದಿಯ ಬೆಳೆಯುವ ಭಾಗ ಹದಿಹರೆಯದ ಕೊನೆಗೆ ಮುಚ್ಚಿಕೊಳ್ಳುತ್ತದೆ, ಆಮೇಲೆ ಎಕ್ಸ್‌ರೇ ಹೆಚ್ಚೇನೂ ಹೇಳಲಾರದು. ಆದ್ದರಿಂದ ಕಾಲೇಜು ಮಟ್ಟದಲ್ಲಿ ದಾಖಲೆಯೇ ಆಧಾರ, ಮುಖ್ಯವಾಗಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹುಟ್ಟಿದ ದಿನಾಂಕ. ಒಂದನೇ ತರಗತಿಗೆ ಸೇರಿಸುವಾಗ ಯಾರೋ ಅಂದಾಜಿನಲ್ಲಿ ಬರೆಸಿದ ದಿನಾಂಕ ಹದಿನೈದು ವರ್ಷಗಳ ಬಳಿಕ ಮೈದಾನದಲ್ಲಿ ತೊಡಕಾಗುವುದೂ ಉಂಟು. ಅಂಥ ವ್ಯತ್ಯಾಸವಿದ್ದರೆ ಆಯ್ಕೆಗೆ ಮೊದಲೇ ದೈಹಿಕ ಶಿಕ್ಷಣ ನಿರ್ದೇಶಕರಿಗೆ ತಿಳಿಸುವುದು ಕ್ಷೇಮ.

ಔಷಧದಂಗಡಿಯಿಂದ ಮೈದಾನದವರೆಗೆ

ಮನೆಯವರಿಗೆ ಅತಿ ಕಡಿಮೆ ತಿಳಿದಿರುವ ಭಾಗ ಉದ್ದೀಪನ ಮದ್ದಿನದು. ಕೊಡಗಿನಲ್ಲಿ ಮದ್ದು ಎಂದೊಡನೆ ಕಕ್ಕಡ ಮಾಸದ ಹದಿನೆಂಟರಂದು ತಿನ್ನುವ ಮದ್ದ್‌ತೊಪ್ಪು ಎಂಬ ಔಷಧೀಯ ಸೊಪ್ಪು ನೆನಪಾಗುತ್ತದೆ. ಅದರ ಪಾಯಸ ತಿಂದ ಮರುದಿನ ಮೂತ್ರ ಕೆಂಪಾಗುವುದನ್ನು ಕಂಡು ಬೆಚ್ಚಿದ ಹೊರಜಿಲ್ಲೆಯ ನೆಂಟರ ಕಥೆ ಇಲ್ಲಿ ಮನೆಮನೆಯಲ್ಲೂ ಇದೆ. ಪರೀಕ್ಷೆಯ ಪ್ರಯೋಗಾಲಯ ಬಣ್ಣವನ್ನು ನೋಡುವುದಿಲ್ಲ, ನಿಷೇಧಿತ ಪಟ್ಟಿಯಲ್ಲಿರುವ ರಾಸಾಯನಿಕಗಳನ್ನು ಹುಡುಕುತ್ತದೆ.

ಆ ಪಟ್ಟಿಯನ್ನು ಸಿದ್ಧಪಡಿಸುವುದು 1999ರಲ್ಲಿ ಸ್ಥಾಪನೆಯಾದ ವಿಶ್ವ ಉದ್ದೀಪನ ಮದ್ದು ತಡೆ ಘಟಕ, ಅಂದರೆ ವಾಡಾ. ಪ್ರತಿ ವರ್ಷ ಜನವರಿ 1ರಿಂದ ಹೊಸ ಪಟ್ಟಿ ಜಾರಿಗೆ ಬರುತ್ತದೆ. ಭಾರತದಲ್ಲಿ ಪರೀಕ್ಷೆ ನಡೆಸುವುದು ರಾಷ್ಟ್ರೀಯ ಘಟಕವಾದ ನಾಡಾ. 2022ರ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆ ಅದಕ್ಕೆ ಶಾಸನದ ಬಲ ಕೊಟ್ಟಿದೆ. ಇದು ಒಲಿಂಪಿಕ್ಸ್‌ಗೆ ಹೋಗುವವರ ತಲೆನೋವು ಎಂದುಕೊಳ್ಳುವಂತಿಲ್ಲ, ವಿಶ್ವವಿದ್ಯಾಲಯ ಕೂಟಗಳಿಗೂ ನಾಡಾ ಸಿಬ್ಬಂದಿ ಬರುತ್ತಾರೆ. ವಾಡಾ ಪ್ರಕಟಿಸಿದ 2023ರ ಅಂಕಿಅಂಶದಂತೆ ಭಾರತದ 5,606 ಮಾದರಿಗಳಲ್ಲಿ 213ರಲ್ಲಿ ನಿಷೇಧಿತ ವಸ್ತು ಸಿಕ್ಕಿತು. ದೊಡ್ಡ ಸಂಖ್ಯೆಯಲ್ಲಿ ಪರೀಕ್ಷೆ ಮಾಡುವ ದೇಶಗಳ ನಡುವೆ ಇದು ತಲೆ ತಗ್ಗಿಸುವಂಥ ಪ್ರಮಾಣ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟಕ್ಕೆ ನಾಡಾ ಅಧಿಕಾರಿಗಳು ಬಂದ ಸುದ್ದಿ ಹರಡುತ್ತಲೇ ಸ್ಪರ್ಧಿಗಳು ಚೆದುರಿದರು. ಪುರುಷರ 100 ಮೀಟರ್ ಫೈನಲ್‌ನಲ್ಲಿ ಓಡಲು ಉಳಿದದ್ದು ಒಬ್ಬನೇ ಓಟಗಾರ.

ಈ ವ್ಯವಸ್ಥೆಯ ಮೂಲ ತತ್ವ ಕಠಿಣವಾದದ್ದು: ದೇಹದೊಳಗೆ ಏನು ಸಿಕ್ಕರೂ ಅದಕ್ಕೆ ಆಟಗಾರರೇ ಹೊಣೆ. ಯಾರು ಕೊಟ್ಟರು, ಗೊತ್ತಿತ್ತೇ, ಇರಲಿಲ್ಲವೇ ಎಂಬುದು ಶಿಕ್ಷೆಯ ಅವಧಿ ನಿರ್ಧರಿಸುವಾಗ ಲೆಕ್ಕಕ್ಕೆ ಬರಬಹುದು, ಆದರೆ ತಪ್ಪು ನಡೆದಿದೆ ಎಂಬ ತೀರ್ಮಾನವನ್ನು ಅದು ಬದಲಿಸುವುದಿಲ್ಲ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತದ ಮಹಿಳಾ ರಿಲೇ ತಂಡದ ಮೂವರು ಮರುವರ್ಷ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಾಗ, ಕೋಚ್ ಕೊಟ್ಟ ಜಿನ್‌ಸೆಂಗ್ ಪೂರಕ ಆಹಾರದಲ್ಲಿ ಕಲಬೆರಕೆ ಇತ್ತು ಎಂದು ವಾದಿಸಿದರು. ಮೊದಲು ಒಂದು ವರ್ಷ ಎಂದಿದ್ದ ನಿಷೇಧವನ್ನು ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ 2012ರಲ್ಲಿ ಎರಡು ವರ್ಷಕ್ಕೆ ಏರಿಸಿತು. ಕೋಚ್ ಮೇಲಿನ ನಂಬಿಕೆ ಅವರನ್ನು ಉಳಿಸಲಿಲ್ಲ. ಈಗಿನ ನಿಯಮದಲ್ಲಿ ಸ್ನಾಯು ಬೆಳೆಸುವ ಅನಬಾಲಿಕ್ ಸ್ಟಿರಾಯ್ಡ್‌ನಂಥ ವಸ್ತುವಿಗೆ ಮೊದಲ ತಪ್ಪಿಗೇ ನಾಲ್ಕು ವರ್ಷದವರೆಗೆ ನಿಷೇಧ ಬೀಳಬಹುದು. ಹತ್ತೊಂಬತ್ತರ ವಯಸ್ಸಿನಲ್ಲಿ ನಾಲ್ಕು ವರ್ಷ ಎಂದರೆ ಕಾಲೇಜು ಕ್ರೀಡೆಯೇ ಮುಗಿದಂತೆ.

ಆದ್ದರಿಂದ ಕಳ್ಳತನದಿಂದ ಸೂಜಿ ಚುಚ್ಚಿಸಿಕೊಳ್ಳುವವರಿಗಿಂತ, ತಿಳಿಯದೆ ಎಡವುವವರ ಬಗ್ಗೆಯೇ ಮನೆಯವರು ಹೆಚ್ಚು ಯೋಚಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ನಮ್ಮ ಮಳೆಯಲ್ಲಿ ಕೆಮ್ಮು, ನೆಗಡಿ ಯಾರನ್ನೂ ಬಿಡುವುದಿಲ್ಲ. ಅಂಗಡಿಯಲ್ಲಿ ಸಿಗುವ ಹಲವು ಕೆಮ್ಮಿನ ಸಿರಪ್‌ಗಳಲ್ಲಿ ಟರ್ಬ್ಯುಟಲಿನ್ ಎಂಬ ವಸ್ತುವಿರುತ್ತದೆ, ಅದು ಎಲ್ಲ ಕಾಲಕ್ಕೂ ನಿಷೇಧಿತ. ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಮಾತ್ರೆಗಳಲ್ಲಿರುವ ಸ್ಯೂಡೋಎಫೆಡ್ರಿನ್ ಸ್ಪರ್ಧೆಯ ಹೊತ್ತಿನಲ್ಲಿ ಒಂದು ಮಿತಿಯನ್ನು ಮೀರಿದರೆ ತೊಂದರೆ. ಮೊಣಕಾಲು ನೋವಿಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ನುಗಳನ್ನೂ 2022ರಿಂದ ಸ್ಪರ್ಧೆಯ ಅವಧಿಯಲ್ಲಿ ನಿಷೇಧಿಸಲಾಗಿದೆ. ಜಿಮ್‌ನಲ್ಲಿ ಗೆಳೆಯರು ಕೊಡುವ ಪ್ರೋಟೀನ್ ಪುಡಿಯ ಡಬ್ಬಿಯ ಮೇಲೆ ಬರೆದದ್ದೆಲ್ಲ ಒಳಗೆ ಇದೆಯೆಂದೂ, ಬರೆಯದ್ದು ಇಲ್ಲವೆಂದೂ ನಂಬುವಂತಿಲ್ಲ.

ಹಾಗಾದರೆ ಕಾಯಿಲೆ ಬಿದ್ದ ಆಟಗಾರರು ಔಷಧಿಯನ್ನೇ ತೆಗೆದುಕೊಳ್ಳಬಾರದೇ? ಖಂಡಿತ ತೆಗೆದುಕೊಳ್ಳಬಹುದು. ಬೇರೆ ಮದ್ದಿನಿಂದ ಗುಣವಾಗದು ಎಂದಾದರೆ ವೈದ್ಯರ ದಾಖಲೆಯೊಂದಿಗೆ ಚಿಕಿತ್ಸಾ ವಿನಾಯಿತಿಗೆ ಅರ್ಜಿ ಹಾಕುವ ಕ್ರಮವಿದೆ. ತುರ್ತು ಚಿಕಿತ್ಸೆಯಂಥ ಸಂದರ್ಭ ಬಿಟ್ಟರೆ ಮದ್ದು ತೆಗೆದುಕೊಳ್ಳುವ ಮೊದಲೇ ಈ ಅನುಮತಿ ಪಡೆಯಬೇಕು. ಔಷಧದ ಹೆಸರು ಕೊಟ್ಟರೆ ಅದು ನಿಷೇಧಿತವೇ ಎಂದು ತಿಳಿಸುವ ‘ನೋ ಯುವರ್ ಮೆಡಿಸಿನ್’ ಎಂಬ ಆ್ಯಪ್ ಅನ್ನು ನಾಡಾ ಒದಗಿಸಿದೆ.

ಪರೀಕ್ಷೆ ಹೇಗೆ ನಡೆಯುತ್ತದೆ ಎಂಬುದನ್ನೂ ಮೊದಲೇ ಹೇಳಿಕೊಟ್ಟಿದ್ದರೆ ಭಯ ಅರ್ಧ ಕಡಿಮೆಯಾಗುತ್ತದೆ. ಆಯ್ಕೆಯಾದವರ ಜೊತೆಗೆ ಒಬ್ಬ ಸಹಾಯಕ ಸಿಬ್ಬಂದಿ ಇರುತ್ತಾರೆ. ಅದೇ ಲಿಂಗದ ಅಧಿಕಾರಿಯ ಸಮ್ಮುಖದಲ್ಲಿ ಮೂತ್ರದ ಮಾದರಿ ಕೊಡಬೇಕು. ಅದನ್ನು ಆಟಗಾರರ ಕಣ್ಣೆದುರೇ ‘ಎ’ ಮತ್ತು ‘ಬಿ’ ಎಂಬ ಎರಡು ಬಾಟಲಿಗಳಿಗೆ ಹಾಕಿ ಮೊಹರು ಮಾಡುತ್ತಾರೆ. ಮೇಲೆ ಹೆಸರಿರುವುದಿಲ್ಲ, ಸಂಕೇತ ಸಂಖ್ಯೆ ಮಾತ್ರ. ‘ಎ’ಯಲ್ಲಿ ಏನಾದರೂ ಸಿಕ್ಕರೆ ‘ಬಿ’ಯನ್ನು ತೆರೆಸಿ ನೋಡುವ ಹಕ್ಕು ಆಟಗಾರರಿಗಿದೆ. ಮಾದರಿ ಕೊಡದೆ ಓಡಿಹೋಗುವುದೂ ಮದ್ದು ಸೇವಿಸಿದಷ್ಟೇ ಗಂಭೀರ ತಪ್ಪು. ದೆಹಲಿಯಿಂದ ಚೆದುರಿದ ಹುಡುಗರಿಗೆ ಇದನ್ನು ಯಾರಾದರೂ ಹೇಳಿದ್ದರೋ ಇಲ್ಲವೋ.

ಕೋಚ್, ಹಿರಿಯರು, ಪ್ರೇಕ್ಷಕರು

ನೈತಿಕತೆ ಆಟಗಾರರಿಗೆ ಮಾತ್ರ ಸೇರಿದ್ದಲ್ಲ. ತಂಡದಲ್ಲಿ ಜಾಗ ಕೊಡುವ, ತೆಗೆಯುವ ಅಧಿಕಾರ ಇರುವ ಕೋಚ್‌ಗೆ ಎದುರು ಮಾತಾಡುವುದು ಹದಿನೆಂಟರ ಹುಡುಗಿಗೆ ಸುಲಭವಲ್ಲ. ಅದಕ್ಕಾಗಿಯೇ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯು ‘ಕೆಲಸದ ಸ್ಥಳ’ ಎಂಬುದರ ವ್ಯಾಖ್ಯೆಯಲ್ಲಿ ಕ್ರೀಡಾ ಸಂಸ್ಥೆ, ಕ್ರೀಡಾಂಗಣ, ಸ್ಪರ್ಧಾ ಸ್ಥಳಗಳನ್ನೂ ಹೆಸರಿಸಿ ಸೇರಿಸಿದೆ. ಕಾಲೇಜಿನ ಆಂತರಿಕ ಸಮಿತಿಗೆ ಕೊಡುವ ದೂರು ತರಗತಿಯ ಕೋಣೆಗಷ್ಟೇ ಸೀಮಿತವಲ್ಲ, ಪಂದ್ಯಕ್ಕೆ ಹೋದ ಊರು, ಪ್ರಯಾಣದ ಬಸ್ಸು ಕೂಡ ಅದರ ವ್ಯಾಪ್ತಿಗೆ ಬರುತ್ತವೆ. ಹಿರಿಯ ಆಟಗಾರರು ಹೊಸಬರಿಂದ ಕಿಟ್ ಹೊರಿಸುವುದು, ಬೂಟು ತೊಳೆಸುವುದು ‘ತಂಡದ ಸಂಪ್ರದಾಯ’ ಎನಿಸಿಕೊಂಡರೂ, ಬಲವಂತವಿದ್ದರೆ ಯುಜಿಸಿಯ 2009ರ ನಿಯಮಗಳ ಪ್ರಕಾರ ರ‍್ಯಾಗಿಂಗ್ ಆಗಬಹುದು. ಪ್ರೇಕ್ಷಕರ ಬೈಗುಳದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಂಪೈರ್ ಮೇಲೆ ಕೂಗಾಡುವ ಅಪ್ಪನನ್ನು ನೋಡಿಯೇ ಮಗ ಕೂಗಾಡುವುದನ್ನು ಕಲಿಯುತ್ತಾನೆ.

ಇದನ್ನು ಕಲಿಸಬಹುದೇ?

ಕಾಲೇಜುಗಳ ಕೈಯಲ್ಲಿ ಇರುವುದು ಮುಖ್ಯವಾಗಿ ಎರಡು ಸಾಧನ. ಒಂದು, ಆಟದ ಋತು ಶುರುವಾಗುವ ಮೊದಲೇ ಎಲ್ಲರನ್ನೂ ಕೂರಿಸಿ ನಿಯಮಗಳನ್ನು ವಿವರಿಸುವುದು. ತಪ್ಪು ನಡೆದ ಮೇಲೆ ಹೇಳುವ ನಿಯಮ ಶಿಕ್ಷೆಯಂತೆ ಕೇಳಿಸುತ್ತದೆ. ಇನ್ನೊಂದು, ತಂಡದ ಅತ್ಯುತ್ತಮ ಆಟಗಾರನಿಗೂ ಬೆಂಚಿನಲ್ಲಿ ಕೂರುವವನಿಗೂ ಒಂದೇ ದಂಡ ಎಂಬುದನ್ನು ಮಾಡಿ ತೋರಿಸುವುದು. ಅಂಪೈರ್‌ಗೆ ಬೈದ ಸ್ಟಾರ್ ಫಾರ್ವರ್ಡ್ ಸೆಮಿಫೈನಲ್‌ನಲ್ಲಿ ಹೊರಗೆ ಕೂತದ್ದನ್ನು ಕಂಡ ಕಿರಿಯರಿಗೆ ಬೇರೆ ಪಾಠ ಬೇಡ. ಎರಡನೆಯದು ಕಷ್ಟ, ಏಕೆಂದರೆ ಸೆಮಿಫೈನಲ್ ಸೋಲಬಹುದು.

ಇಷ್ಟಾದರೂ ಕೆಳಗಿನ ಪದರ ಪೂರ್ತಿಯಾಗಿ ಯಾರ ಹಿಡಿತಕ್ಕೂ ಸಿಗುವುದಿಲ್ಲ. 2008ರ ಏಪ್ರಿಲ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನಡೆದ ಎರಡು ವಿಶ್ವವಿದ್ಯಾಲಯಗಳ ಮಹಿಳಾ ಸಾಫ್ಟ್‌ಬಾಲ್ ಪಂದ್ಯದಲ್ಲಿ ಸಾರಾ ಟಕೋಲ್ಸ್ಕಿ ಎಂಬ ಆಟಗಾರ್ತಿ ಚೆಂಡನ್ನು ಬೇಲಿಯಾಚೆ ಹೊಡೆದಳು. ಆ ಆಟದಲ್ಲಿ ಅಷ್ಟಕ್ಕೇ ರನ್ ಸಿಗುವುದಿಲ್ಲ, ಅಂಗಳದ ಮೂರೂ ಬೇಸ್‌ಗಳನ್ನು ಮುಟ್ಟಿ ಹೊಡೆದ ಜಾಗಕ್ಕೆ ಮರಳಬೇಕು. ಮೊದಲ ಬೇಸ್ ಬಳಿಯೇ ಅವಳ ಮೊಣಕಾಲು ತಿರುಚಿಕೊಂಡಿತು. ಸ್ವಂತ ತಂಡದವರು ಮುಟ್ಟಿದರೆ ಅವಳು ಔಟ್, ಬದಲಿ ಓಟಗಾರ್ತಿ ಬಂದರೆ ಹೊಡೆತ ಒಂದೇ ಬೇಸಿಗೆ ಇಳಿಯುತ್ತದೆ ಎಂದರು ಅಂಪೈರ್. ಆಗ ಎದುರಾಳಿ ತಂಡದ ಮ್ಯಾಲರಿ ಹೋಲ್ಟ್‌ಮನ್, ‘ನಾವು ಎತ್ತಿಕೊಂಡು ಹೋಗಬಹುದೇ?’ ಎಂದು ಕೇಳಿದಳು. ನಿಯಮದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ಅವಳೂ ಅವಳ ಜೊತೆಗಾತಿಯೂ ಸಾರಾಳನ್ನು ಎತ್ತಿಕೊಂಡು ಒಂದೊಂದು ಬೇಸ್ ಬಳಿಯೂ ಬಗ್ಗಿ ಅವಳ ಕಾಲನ್ನು ತಾಗಿಸುತ್ತ ಸುತ್ತು ಮುಗಿಸಿದರು, 4-2ರಿಂದ ಸೋತರು. ಅಂಪೈರ್ ಹೇಳಿದ್ದೇ ತಪ್ಪು, ಗಾಯಗೊಂಡವಳ ಬದಲಿಗೆ ಇನ್ನೊಬ್ಬಳು ಓಡಿದ್ದರೂ ಪೂರ್ತಿ ರನ್ ಸಿಗುತ್ತಿತ್ತು ಎಂಬುದು ಆಮೇಲೆ ತಿಳಿಯಿತು. ಅಂದರೆ ಅಲ್ಲಿ ನಿಯಮವನ್ನು ಓದಿದ್ದೇ ಸರಿಯಾಗಿರಲಿಲ್ಲ. ಆ ಬಿರುಕಿನಲ್ಲಿ ಇಬ್ಬರು ಹುಡುಗಿಯರ ನಡತೆ ಕೆಲಸ ಮಾಡಿತು.

ಸಹಿ ಹಾಕುವ ಮುನ್ನ

ಅರ್ಜಿಯನ್ನು ಮನೆಯವರೊಂದಿಗೆ ಕುಳಿತು ಒಮ್ಮೆ ಜೋರಾಗಿ ಓದಿಸಿ. ಹುಟ್ಟಿದ ದಿನಾಂಕ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೊಂದುತ್ತದೆಯೇ ನೋಡಿ. ಹಿಂದೆ ಬೇರೆ ಕಾಲೇಜಿನ ಪರವಾಗಿ ಆಡಿದ್ದರೆ ಮುಚ್ಚಿಡದೆ ಬರೆಯಿರಿ, ಅದರಿಂದ ಅನರ್ಹತೆ ಬರುತ್ತದೆಯೇ ಇಲ್ಲವೇ ಎಂಬುದನ್ನು ವಿಶ್ವವಿದ್ಯಾಲಯ ತೀರ್ಮಾನಿಸಲಿ. ಆಸ್ತಮಾ, ಮೂರ್ಛೆ, ಥೈರಾಯ್ಡ್‌ನಂಥ ಕಾಯಿಲೆಗೆ ದಿನವೂ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದರ ಚೀಟಿಯ ನಕಲನ್ನು ದೈಹಿಕ ಶಿಕ್ಷಣ ನಿರ್ದೇಶಕರಿಗೆ ಕೊಡಿ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಕೆಮ್ಮಿಗೆ ತೋರಿಸಲು ಹೋದಾಗ, ಹೆಸರು ಹೇಳಿದ ಮೇಲಿನ ಎರಡನೆಯ ವಾಕ್ಯ ಇದಾಗಿರಲಿ: ‘ಡಾಕ್ಟ್ರೇ, ನಾನು ವಿಶ್ವವಿದ್ಯಾಲಯ ತಂಡದಲ್ಲಿ ಆಡ್ತೇನೆ, ಪರೀಕ್ಷೆಗೆ ಕರೆಯಬಹುದು.’